ಒಲೆ ನೋಡಲು ಬಂದವರು

ಒಳಗೆ ಬರುತ್ತಾರೋ, ಇಲ್ಲಾ ಹೊಸ್ತಿಲ ಹೊರಗೇ ನಿಂತು ಹೋಗುತ್ತಾರೋ — ಬಸಯ್ಯನವರ ಬಲಗಾಲು ಚಪ್ಪಲಿಯಿಂದ ಅರ್ಧ ಹೊರಬಂದಿದೆ, ಹೆಬ್ಬೆರಳು ಮಾತ್ರ ಇನ್ನೂ ಉಂಗುಟದಲ್ಲಿ ಸಿಕ್ಕಿಕೊಂಡಿದೆ, ದುರ್ಗಪ್ಪನ ಕಣ್ಣು ಆ ಬೆರಳನ್ನು ಬಿಟ್ಟು ಮೇಲೇಳಲೊಲ್ಲದು, ನಿಯಮ ಹೇಳಿದವರು ಅವರೇ, ಮೊನ್ನೆ ಪುರಸಭೆಯ ಮನೆ ತೆರಿಗೆ ಕಚೇರಿಯಲ್ಲಿ, ಮಾಲಕರು ತಾವ ಇದ್ದರ ಅಷ್ಟ ಹೊಸಾ ಮನಿಗೆ ಅರ್ಧ ಪಟ್ಟಿರಿ, ಬಾಡಿಗಿ ಕೊಟ್ಟವರೂ ನಾವ ಇರತೇವಿ ಅಂತಾರ, ಅದಕ್ಕ ನಾ ಒಲಿ ನೋಡಾವ, ಮನಷಾ ಸುಳ್ಳ ಹೇಳತಾನ, ಬೂದಿ ಹೇಳೂದಿಲ್ಲ, ಎಂದು ನಕ್ಕಿದ್ದರು, ದುರ್ಗಪ್ಪನೂ ನಕ್ಕಿದ್ದ, ಹಾದಿಯಲ್ಲಿ ಆ ನಗು ತಾನಾಗಿ ನಿಂತಿತ್ತು — ಒಲೆ ನೋಡಬೇಕಾದರೆ ಪಡಸಾಲೆ ದಾಟಬೇಕಲ್ಲ, ಅಡುಗೆಮನೆಗೆ ಬರಬೇಕಲ್ಲ, ಊರ ಹೊರಗಿನ ಕೇರಿಯಿಂದ ಬಂದು ಬೈಲಹೊಂಗಲದ ಪೇಟೆಯ ಬೆನ್ನಿಗೆ ಮನೆ ಕಟ್ಟಿಸಿದವನ ಅಡುಗೆಮನೆಗೆ, ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿದ ಅಯ್ಯನವರು. ಪೂರ್ತಿ ಪಟ್ಟಿಯ ದುಡ್ಡು ತುಂಬಿದರೆ ಹಿತ್ತಲಿಗೆ ಈ ವರ್ಷವೂ ಬಾಗಿಲಿಲ್ಲ, ಗೋಣಿತಟ್ಟೇ ಗತಿ, ಗಾಳಿ ಬಂದಾಗೊಮ್ಮೆ ಅದು ಅವ್ವನ ಬೆನ್ನಿಗೆ ಬಡಿಯುತ್ತದೆ, ಅವ್ವ ಈಗಲೂ ಅಲ್ಲೇ ಒಲೆಯ ಮುಂದೆ ಕೂತು ಹತ್ತಿಕಟ್ಟಿಗೆ ಒಡ್ಡುತ್ತಿದ್ದಾಳೆ, ಮುಂಜಾನೆಯಿಂದ ಒಂದೇ ಗೊಣಗು, ಒಲಿ ಉರೀತೈತೇನು ನೋಡಾಕ ಸರಕಾರ ಮನಷಾನ್ನ ಕಳಸತೈತಿ, ಮ್ಯಾಲಿನ ಗಡಗ್ಯಾಗ ಏನರ ಐತೇನು ಅಂತ ಕೇಳಾಕ ಯಾರ್ನೂ ಕಳಸೂದಿಲ್ಲ, ಹಾಗೆನ್ನುತ್ತಲೇ ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದಾಳೆ, ಚಾ ಅಂತೂ ಕುಡಿಯಾಂಗಿಲ್ಲ ಬಿಡು, ನೀರರ ಮುಟ್ಟತಾನೇನು ನೋಡೂಣಂತ. ಅಪ್ಪ ಸವದತ್ತಿಯಲ್ಲಿ ಇಂಥವರ ಕಟ್ಟೆಯ ಕೆಳಗೆ ನಿಂತೇ ಮಾತಾಡಿದವನು, ಬಿಸಿಲಿಗೆ ಕಾಲು ಬದಲಿಸುತ್ತಿದ್ದ, ಒಮ್ಮೆ ಎಡ, ಒಮ್ಮೆ ಬಲ — ಈಗ ಎಪ್ಪತ್ತಾರನೇ ಇಸವಿ, ಕಾಲ ಬದಲಾಗಿದೆ ಎಂದು ಕಾಲೇಜಿನಲ್ಲಿ ಎಲ್ಲರೂ ಅಂದರು, ಕಾಲ ಬದಲಾದದ್ದು ಈ ಕಾಲಿಗೆ ಗೊತ್ತಿದೆಯೋ ಇಲ್ಲವೋ, ನೋಡಬೇಕು, ತಾನಾಗಿ ಅದು ಏನು ಮಾಡುತ್ತದೋ ನೋಡಲೇಬೇಕು, ಅರ್ಧ ಪಟ್ಟಿ ಹೋದರೆ ಹೋಗಲಿ. ಒಲಿ ನೋಡಬೇಕಾಗೇತ್ರಿ, ಎನ್ನುತ್ತಾರೆ ಬಸಯ್ಯನವರು, ಹ್ಞೂಂರಿ, ಎನ್ನುತ್ತಾನೆ ದುರ್ಗಪ್ಪ, ಉರೀತೈತಲ್ರಿ, ಉರೀತೈತ್ರಿ, ಬೆರಳು ಉಂಗುಟದಿಂದ ಬಿಡಿಸಿಕೊಂಡಿತು, ಬರಿಗಾಲು ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಊರಿತು, ಬೆವರಿದ ಕಾಲು, ಕಲ್ಲಿನ ಮೇಲೆ ಒದ್ದೆ ಗುರುತು ಮೂಡಿಸಿತು, ನಿಂತಿತು, ನಿಂತೇ ಇತ್ತು, ಅವರು ಒಮ್ಮೆ ದುರ್ಗಪ್ಪನ ಮುಖ ನೋಡಿದರು, ಅದೆಂಥ ನೋಟ, ಕೇಳುವ ನೋಟವೋ, ತಪ್ಪಿಸಿಕೊಳ್ಳುವ ನೋಟವೋ, ಅಷ್ಟರಲ್ಲಿ ಕಾಲು ಹಿಂದಕ್ಕೆ ಸರಿದು ಚಪ್ಪಲಿಯನ್ನು ಹುಡುಕಿತು — ಹೊಗಿ ಇಲ್ಲಿಗೇ ಕಾಣಸತೈತಲ್ರಿ, ಸಾಕಾತು, ಅರ್ಧ ಪಟ್ಟಿ ಬರೀತೇನಿ, ಬರ್ಲ್ಯಾ.

ಅವ್ವ ತುಂಬಿದ ತಂಬಿಗೆ ಹಿಡಿದು ಪಡಸಾಲೆಗೆ ಬಂದಳು, ಹ್ವಾದರೇನು, ಬೀದಿಯತ್ತ ಇಣುಕಿ ನೋಡಿದಳು, ಹೋಗ್ಲಿ ಬಿಡಪಾ, ಅರ್ಧ ಉಳೀತಲ್ಲ, ಅವರ ಕಾಲು ನಮ್ಮ ಹೊಸ್ತಿಲಾ ಎಲ್ಲಿ ದಾಟತಾವು, ಎಂದು ನೀರನ್ನು ತಾನೇ ಗಟಗಟ ಕುಡಿದಳು. ಈ ಸೀಮೆಯಲ್ಲಿ ಬೀಗರು ಬಂದರೂ ಕರೆಸಿಕೊಳ್ಳದೆ ಒಳಗೆ ಕಾಲಿಡುವುದಿಲ್ಲ, ಅದು ಅವ್ವನಿಗೂ ಗೊತ್ತು, ಮಗ ಕರೆದಿರುತ್ತಾನೆಂದೇ ಅವಳು ತಿಳಿದಿದ್ದಾಳೆ. ದುರ್ಗಪ್ಪ ಹೂಂ ಅಂದ. ಒಳಗ ಬರ್ರಿ ಎಂದು ಅವನು ಬಸಯ್ಯನವರಿಗೆ ಹೇಳಿರಲೇ ಇಲ್ಲ.