ಮೂರು ವಾರದ ಕೈ

ತ್ರಿವೇಣಿ ಹೇಳಿದ್ದು ದೊಡ್ಡ ಸುಳ್ಳೇನಲ್ಲ. ಹಾಗೆಂದು ಅವಳೇ ತನಗೆ ಹೇಳಿಕೊಳ್ಳುತ್ತಿದ್ದಳು, ಅದೂ ದಿನಕ್ಕೆರಡು ಸಲ. ನಿಜ ಹೇಳಿದವರಿಗೆ ಹೀಗೆ ಹೇಳಿಕೊಳ್ಳುವ ಪ್ರಮೇಯ ಬರುವುದಿಲ್ಲ ಎನ್ನುವುದು ಬೇರೆ ಮಾತು.

ಮುಳಬಾಗಿಲಿನ ಒಂದು ಖಾಸಗಿ ಆರೈಕೆ ಕೇಂದ್ರದಲ್ಲಿ ಲಕ್ವ ಹೊಡೆದವರಿಗೆ ಆಟ ಆಡಿಸುವುದು ಅವಳ ಕೆಲಸ. ಆಟವೂ ಒಂದು ಚಿಕಿತ್ಸೆ, ಕೈಕಾಲಿಗೂ ಮನಸ್ಸಿಗೂ, ಎಂದು ಓದಿಕೊಂಡು ಬಂದವಳು. ಊರಿನವರ ತಲೆಗೆ ಅದು ಹತ್ತಬೇಕಲ್ಲ. "ಸಂಬಳ ಕೊಟ್ಟು ಆಟ ಆಡಿಸ್ತಾರಂತೆ" ಎಂದು ನಕ್ಕರು. ಅವಳು ರೇಗಿ ಇನ್‌ಸ್ಟಾಗ್ರಾಂನಲ್ಲಿ 'ಆಟದ ಕೋಣೆ' ಎಂಬ ಪುಟ ತೆರೆದಳು. ಕೆಲಸ ಜನರ ಕಣ್ಣಿಗೆ ಬಿದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲೂ ಇಂಥದ್ದೊಂದು ಕೋಣೆ ಕೇಳಬಹುದೆಂಬ ಆಸೆ. ಆಸೆ ಒಳ್ಳೆಯದೇ. ನೋಡುವವರು ಮಾತ್ರ ಮೂವತ್ತು ಜನ, ಅದರಲ್ಲಿ ಹತ್ತು ಜನ ನೆಂಟರು.

ಅವಳ ಆಟಗಾರರಲ್ಲಿ ಹಿರಿಯರೆಂದರೆ ದೇವರಾಯಸಮುದ್ರದ ದೊಡ್ಡನಾರಾಯಣಪ್ಪ. ಮೂವತ್ತು ವರ್ಷ ಪಂಚಾಯ್ತಿಯ ನೀರುಗಂಟಿಯಾಗಿ ವಾಲ್ವ್ ತಿರುಗಿಸಿದ ಬಲಗೈ ಒಂದು ಬೆಳಿಗ್ಗೆ ಸುಮ್ಮನಾಗಿತ್ತು. ವ್ಯಾಯಾಮ ಎಂದರೆ ಮುಖ ತಿರುಗಿಸುತ್ತಿದ್ದ ಮುದುಕ, ತ್ರಿವೇಣಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆಡುಹುಲಿಯ ಗೆರೆ ಎಳೆದ ದಿನ ತಾವಾಗಿಯೇ ಮುಂದೆ ಬಾಗಿದರು. "ಪುಲಿಮೇಕ ಅಲ್ವಾ ಇದು" ಎಂದರು. ಮೂರು ಕಲ್ಲು ಹುಲಿ, ಹದಿನೈದು ಹುಣಸೆ ಬೀಜ ಆಡು. ಎಡಗೈ ಮುಟ್ಟಿಸಬಾರದು ಎಂಬುದು ಅವಳ ಕಟ್ಟಳೆ. ಒಂಬತ್ತು ತಿಂಗಳಾದ ಮೇಲೆ ಆ ಬಲಗೈಯ ಎರಡು ಬೆರಳು ಒಂದು ಬೀಜ ಎತ್ತಿ ಸರಿಯಾದ ಜಾಗದಲ್ಲಿ ಇಟ್ಟವು.

ತ್ರಿವೇಣಿಗೆ ಅಳು ಬಂತು. ಆಮೇಲೆ ಫೋನು ನೆನಪಾಯಿತು. ಮೊದಲಿನ ದಿನಗಳ ವಿಡಿಯೊ ಅವಳ ಹತ್ತಿರ ಇರಲಿಲ್ಲ. 'ಮೊದಲು' ತೋರಿಸದೆ 'ಈಗ' ಮಾತ್ರ ತೋರಿಸಿದರೆ ಯಾರು ನೋಡುತ್ತಾರೆ?

"ತಾತ, ಒಂದ್ಸಲ ಬೀಳ್ಸಿ. ಮೊದ್ಲು ಬೀಳ್ತಿತ್ತಲ್ಲ, ಹಂಗೆ," ಎಂದಳು.

ಮುದುಕ ಅವಳ ಮುಖ ನೋಡಿದರು. ಬೀಳಿಸಬಾರದೆಂದು ಒಂಬತ್ತು ತಿಂಗಳು ಹೆಣಗಿದ ಕೈ ಅದು. "ನೀನು ಹೇಳಿದ್ಮೇಲೆ ಆಯ್ತು ತಾಯಿ," ಎಂದು ಬೀಳಿಸಿದರು. ಚೆನ್ನಾಗಿ ಬೀಳಲಿಲ್ಲವೆಂದು ಅವಳು ಅವರಿಂದ ಇನ್ನೊಮ್ಮೆ ಬೀಳಿಸಿದಳು. ಬೀಜ ಬೀಳುವ, ಎತ್ತಿಡುವ ಎರಡು ತುಣುಕನ್ನೂ ಜೋಡಿಸಿ 'ಮೊದಲು', 'ಮೂರು ವಾರದ ನಂತರ' ಎಂದು ಬರೆದಳು. ಒಂಬತ್ತು ತಿಂಗಳು ಎಂದರೆ ಕೇಳುವ ತಾಳ್ಮೆ ಜನಕ್ಕೆ ಎಲ್ಲಿದೆ.

ಎರಡು ಲಕ್ಷ ಜನ ನೋಡಿದರು. ಮಾಲೂರಿನಿಂದ, ಟೇಕಲ್ಲಿನಿಂದ ಫೋನು ಬಂತು. ಮನೆಯಲ್ಲಿ ಇಂಥವರನ್ನಿಟ್ಟುಕೊಂಡು ಒಬ್ಬೊಬ್ಬರೇ ಒದ್ದಾಡುತ್ತಿದ್ದವರದೊಂದು ವಾಟ್ಸಾಪ್ ಗುಂಪು ಹುಟ್ಟಿತು. ಅಲ್ಲಿ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು, ಆಟದ ಕೋಣೆ ಬೇಕೆಂಬ ಮನವಿಗೆ ನಾನೂರು ಸಹಿ ಬಿದ್ದವು. ಜಿಲ್ಲಾ ಆರೋಗ್ಯ ಕಚೇರಿಯವರು ಮುಂದಿನ ವಾರ ಬಂದು ನೋಡುತ್ತೇವೆಂದರು. ತ್ರಿವೇಣಿ ಹಿಗ್ಗಿ ಅಟ್ಟ ಏರಿ ಕುಳಿತಳು.

ಆಗ ಬಂದವರು ಶ್ರೀನಿವಾಸಪುರದ ಅಶ್ವತ್ಥಮ್ಮ, ಗಂಡ ಮುನಿಯಲ್ಲಪ್ಪನವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು. ಆತನಿಗೂ ಬಲಗೈ ಹೋಗಿತ್ತು, ಮಾತೂ ಹೋಗಿತ್ತು. ಅಂಗಿ ಒಂದು ಗೇಣು ದೊಡ್ಡದಾಗಿತ್ತು.

"ಮೂರು ವಾರ ಮುಗ್ದು ನಾಲ್ಕು ದಿನ ಆಯ್ತು ಮೇಡಂ," ಎಂದರು ಅಶ್ವತ್ಥಮ್ಮ. "ದಿನಾ ನಿಮ್ಮ ವಿಡಿಯೊ ತೋರಿಸ್ತೀನಿ, ಬೀಜ ಮುಂದೆ ಇಡ್ತೀನಿ. ಈಯಪ್ಪ ಎತ್ತಲ್ಲ. ಬರೀ ಸೋಮಾರಿತನ." ಗಂಡನ ಗಲ್ಲ ಹಿಡಿದು ಮೂಲೆಯಲ್ಲಿದ್ದ ದೊಡ್ಡನಾರಾಯಣಪ್ಪನವರತ್ತ ತಿರುಗಿಸಿದರು. "ಚೂಡಯ್ಯಾ, ನೋಡು, ಅಲ್ಲಿ ಕೂತವ್ರಲ್ಲ ಆ ಅಣ್ಣ, ಗಂಡಸು ಅಂದ್ರೆ ಅವ್ರು."

ಮುನಿಯಲ್ಲಪ್ಪ ತಲೆ ತಗ್ಗಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕಳ್ಳಿ ಎನ್ನುವ ಮೊದಲೇ ತ್ರಿವೇಣಿ ಫೋನನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಅವ್ರನ್ನ ಬೈಬೇಡಮ್ಮ," ಎಂದರು ದೊಡ್ಡನಾರಾಯಣಪ್ಪ. "ನಂಗೆ ಒಂಬತ್ತು ತಿಂಗಳು ಹಿಡೀತು. ಮೊದ್ಲು ಬೀಳುತ್ತಲ್ಲ ಬೀಜ, ಅದು ನಾನೇ ಬೇಕೂಂತ ಬೀಳ್ಸಿದ್ದು. ಮೇಡಮ್ಮಂಗೆ ಗೊತ್ತಿಲ್ಲ."

ಅಶ್ವತ್ಥಮ್ಮ ಅವರನ್ನೇ ದಿಟ್ಟಿಸಿದರು. "ಈ ವಯಸ್ನಲ್ಲಿ ನಾಟಕ ಆಡೋಕೆ ನಾಚ್ಕೆ ಆಗ್ಲಿಲ್ವಾ ನಿಮ್ಗೆ?"

"ಆಯ್ತಮ್ಮ," ಎಂದರು ಮುದುಕ.

ತ್ರಿವೇಣಿ ಬಾಯಿ ತೆರೆಯಲಿಲ್ಲ. ತೆರೆದರೆ ಪುಟ ಹೋಯಿತು, ನಾನೂರು ಸಹಿ ಹೋಯಿತು, ಮುಂದಿನ ವಾರ ಬರುವವರೂ ಬರುವುದಿಲ್ಲ. ಸುಮ್ಮನಿದ್ದರೆ ಎಲ್ಲವೂ ಉಳಿಯುತ್ತಿತ್ತು. ಮುದುಕ ಅದನ್ನೆಲ್ಲ ಯೋಚಿಸಿಯೇ ಹೇಳಿದ್ದರು, ಈಗ ಅವಳ ಕಡೆ ನೋಡುತ್ತಲೂ ಇರಲಿಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭೂಮಿ ಯಾರಿಗೂ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಅವಳೇ ಬಿಡಬೇಕಾಯಿತು.

"ತಾತ ಸುಳ್ಳು ಹೇಳ್ತಿದಾರೆ. ಬೀಳ್ಸಿ ಅಂದಿದ್ದು ನಾನು, ಎರಡು ಸಲ. ಮೂರು ವಾರ ಅಂತ ಬರ್ದಿದ್ದೂ ನಾನೇ."

ಅಶ್ವತ್ಥಮ್ಮ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಗಂಡನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು. "ಮೂರು ವಾರದಿಂದ ಇಷ್ಟು ಗಂಜಿ ಕುಡಿಸಿದ್ದು ಬಿಟ್ರೆ ನಾನು ತುತ್ತು ತಿನ್ನಿಸಿಲ್ಲ ಮೇಡಂ," ಎಂದರು. "ತಟ್ಟೆ ಮುಂದಿಟ್ಟು, ಆ ಅಣ್ಣನ ಥರ ಬಲಗೈಲೇ ತಿನ್ನಯ್ಯ ಅಂತಿದ್ದೆ. ಮುದ್ದೆ ಮುರಿಯೋಕೂ ಆಗ್ತಿರ್ಲಿಲ್ಲ. ಅಳ್ತಿದ್ರು. ನಾನು ಆ ಕಡೆ ತಿರುಗಿ ಕೂತಿರ್ತಿದ್ದೆ."

ಸೆರಗಿನಿಂದ ಗಂಡನ ಬಾಯಿ ಒರೆಸಿ ಅಶ್ವತ್ಥಮ್ಮ ಎದ್ದರು.

"ಆ ಗುಂಪಲ್ಲಿ ನನ್ನಂಥೋರು ಎಷ್ಟು ಜನ ಅವ್ರೆ?"

"ಇನ್ನೂರ ಹನ್ನೆರಡು."

"ಫೋನ್ ಕೊಡಿ ಇಲ್ಲಿ." ವಿಡಿಯೊ ಶುರು ಮಾಡಿ ತ್ರಿವೇಣಿಯ ಮುಖಕ್ಕೆ ಹಿಡಿದರು. "ಈಗ ಹೇಳಿದ್ದನ್ನೇ ಹೇಳಿ."

ತ್ರಿವೇಣಿ ಹೇಳಿದಳು. ಒಂಬತ್ತು ತಿಂಗಳು ಎನ್ನುವಲ್ಲಿ ತೊದಲಿದಳು, ಮೂಗು ಒರೆಸಿಕೊಂಡಳು.

"ಸರಿಯಾಗಿ ಬರ್ಲಿಲ್ಲ. ಇನ್ನೊಂದ್ಸಲ ಹೇಳ್ಲಾ?"

"ಬೇಡ," ಎಂದರು ಅಶ್ವತ್ಥಮ್ಮ. "ಹಿಂಗೇ ಕಳ್ಸಿ, ಬೇಗ. ಎಲ್ಲರ ಮನೇಲೂ ಊಟದ ಹೊತ್ತಾಗ್ತಾ ಬಂತು."