ಬಾಗಿಲ ಹಿಂದಿನ ಎಲೆಗಳು

ಕುಣಿಗಲ್ ಸೀಮೆಯಲ್ಲಿ ಅರ್ಧ ಜನ ಕಣ್ಣು ಬಿಟ್ಟದ್ದೇ ಪೀಲಮ್ಮನ ಕೈಯಲ್ಲಿ. ಸ್ಪೇನ್ ದೇಶದಿಂದ ಬಂದ ಸಿಸ್ಟರ್ ಪಿಲಾರ್ ಹೆರಿಗೆ ಮಾಡಿಸುತ್ತಾ ಮಾಡಿಸುತ್ತಾ ಎಲ್ಲರ ಬಾಯಲ್ಲೂ ಪೀಲಮ್ಮನಾಗಿದ್ದಳು. 1982ರಲ್ಲಿ ಲಕ್ವ ಹೊಡೆದು ತುಮಕೂರಿನ ಆಸ್ಪತ್ರೆ ಸೇರಿದಾಗ ಅಷ್ಟು ವರ್ಷದ ಕನ್ನಡ ತೊಳೆದಂತೆ ಹೋಗಿ, ಬಾಯಲ್ಲಿ ಸ್ಪ್ಯಾನಿಶ್ ಮಾತ್ರ ಉಳಿಯಿತು. ಬುದ್ಧಿಯೂ ಕೆಟ್ಟಿದ್ದರೆ ಸ್ಪೇನಿಗೆ ಕಳಿಸುವುದು, ನೆಟ್ಟಗಿದ್ದರೆ ಇಲ್ಲೇ ಇಟ್ಟುಕೊಳ್ಳುವುದು ಎಂದು ಕಾನ್ವೆಂಟಿನ ಹಿರಿಯರು ತೀರ್ಮಾನಿಸಿದರು. ಅಲ್ಲಿ ಅವಳಿಗೆ ಯಾರಿದ್ದರು, ಮಣ್ಣು!

ಬುದ್ಧಿ ಪರೀಕ್ಷಿಸಲು ಬಂದ ಸರ್ವಮಂಗಳ ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಿದವಳು. ತಾನೂ ಪೀಲಮ್ಮನ ಕೈಯಲ್ಲೇ ಹುಟ್ಟಿದವಳು. ಹೇಗಾದರೂ ಮಾಡಿ ಈ ಮುದುಕಿಯನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿಂದಲೇ ಬಂದಿದ್ದಳು. ಸ್ಪ್ಯಾನಿಶ್ ಬಲ್ಲ ಸಿಸ್ಟರ್ ತೆರೇಸಮ್ಮ ಪದಗಳನ್ನು ಓದಬೇಕು, ಪೀಲಮ್ಮ ಕೇಳಿ ಒಪ್ಪಿಸಬೇಕು. ಇಲ್ಲದ ಪದ ಸೇರಿಸಿದರೆ ತಪ್ಪು.

"ಕಾಸಾ, ಲೂನಾ, ಪಾನ್, ರಿಯೋ..." ತೆರೇಸಮ್ಮ ಓದಿದಳು.

"ಕಾಸಾ... ಲೂನಾ..." ಎಂದ ಪೀಲಮ್ಮ ತಡೆದು, ಸರ್ವಮಂಗಳಳ ಗಲ್ಲ ಹಿಡಿದು ಮುಖವನ್ನೇ ನೋಡಿದಳು. "ಕೆಂಪಿ. ಗುಂಡ. ನಿಂಗಿ."

"ಇದು ಸ್ಪ್ಯಾನಿಶ್ ಅಲ್ಲಮ್ಮ" ಎಂದಳು ತೆರೇಸಮ್ಮ.

"ಯಾವ್ದೋ ದನಗಳ ಹೆಸ್ರಿರ್ಬೇಕು. ಇನ್ನೊಂದ್ಸಲ ಓದಿ" ಎಂದಳು ಸರ್ವಮಂಗಳ.

ಮತ್ತೆ ಅದೇ ಮೂರು. ಪೀಲಮ್ಮ ಅಳುತ್ತಾ ಬಾಗಿಲ ಹಿಂದಕ್ಕೆ ಬೆರಳು ತೋರಿಸಿ ಏನೋ ಅಂದಳು.

"ಮಕ್ಕಳು ಅಲ್ಲಿ ನಿಂತಿದಾರಂತೆ. ಒಳಗೆ ಕರೀಬೇಕಂತೆ" ಎಂದಳು ತೆರೇಸಮ್ಮ, ದನಿ ತಗ್ಗಿಸಿ.

ಅಲ್ಲಿ ಒಂದು ಪೊರಕೆ ಬಿಟ್ಟು ಏನೂ ಇರಲಿಲ್ಲ. ಆದರೂ ಇಂಥದೇ ಬಾಗಿಲ ಹಿಂದಿನ ಮೂಲೆಯಲ್ಲಿ ತಾನೂ ಏನನ್ನೋ ಕಂಡಿದ್ದೇನೆ ಎಂದು ಸರ್ವಮಂಗಳಳಿಗೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಕಣ್ಣೊರೆಸಿಕೊಂಡು, ನೆನಪು ಕೆಟ್ಟಿದೆ, ಇಲ್ಲದವರು ಕಾಣುತ್ತಾರೆ ಎಂದು ಬರೆದಳು. ಓದಿದವಳಲ್ಲವೇ, ಸುಳ್ಳು ಬರೆಯಬಾರದಲ್ಲ! ವಾರದೊಳಗೆ ಪೀಲಮ್ಮನನ್ನು ವಿಮಾನ ಹತ್ತಿಸಿದರು.

ಹಿರಿಯರ ಹಬ್ಬಕ್ಕೆ ಸರ್ವಮಂಗಳ ಕುಣಿಗಲ್ಲಿಗೆ ಹೋದಳು. ಅವ್ವ ಬಸವಲಿಂಗಮ್ಮ ಹಿರಿಯರಿಗೆ ಎಡೆಯಿಟ್ಟು, ಪ್ರತಿ ವರ್ಷದಂತೆ ಬಾಗಿಲ ಹಿಂದೆ ಮೂರು ಪುಟ್ಟ ಎಲೆ ಹಾಕಿದಳು. ಸರ್ವಮಂಗಳಳಿಗಿಂತ ಮೊದಲು ಹುಟ್ಟಿ, ನಾಮಕರಣಕ್ಕೂ ಉಳಿಯದ ಕೂಸುಗಳಿಗೆ ಅವು. ಅವುಗಳನ್ನು ಮುದ್ದಿಗೆ ನೀನು ಏನೆಂದು ಕರೆಯುತ್ತಿದ್ದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಬಾಯಿ ಮೇಲೆ ಏಟು ಬಿದ್ದಿತ್ತು. "ಹೆಸ್ರು ಕರುದ್ರೆ ಬಂದ್ಬುಡ್ತಾವೆ ಕಣೇ!"

ಎಲೆಗಳನ್ನು ನೋಡುತ್ತಿದ್ದಂತೆ ಸರ್ವಮಂಗಳಳಿಗೆ ಪೀಲಮ್ಮ ಬೆರಳು ತೋರಿಸಿದ ಮೂಲೆ ನೆನಪಾಯಿತು.

"ಅವ್ವಾ... ಕೆಂಪಿ, ಗುಂಡ, ನಿಂಗಿ..."

ಅವ್ವನ ಕೈಯಿಂದ ಸೌಟು ಬಿತ್ತು. "ಅಯ್ಯೋ ಶಿವನೇ! ಯಾರೇ ಹೇಳಿದ್ದು? ನನ್ ಬುಟ್ರೆ ಪೀಲಮ್ಮಂಗೊಬ್ರಿಗೇ ಗೊತ್ತಿದ್ದಿದ್ದು. ಅವ್ರ ತೊಡೆ ಮ್ಯಾಲೇ ಹೋದ್ವು ಮೂರೂ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅವ್ರನ್ನ ತುಮ್ಕೂರಿಂದ ಒಂದ್ಸಲ ಕರ್ಕೊಂಡ್ ಬಾರೇ. ಯಾವತ್ತೂ ನನ್ ಮಕ್ಳನ್ನ ಮರ್ತಿಲ್ಲ ಮಾರಾಯ್ತಿ."

ಸರ್ವಮಂಗಳ ಅತ್ತು ಅತ್ತು ಎಲ್ಲವನ್ನೂ ಹೇಳಿದಳು. ಅವ್ವ ಅವಳನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದಳು.

ಚಳಿಗಾಲದಲ್ಲಿ ಪೀಲಮ್ಮ ಸ್ಪೇನಿನಲ್ಲಿ ತೀರಿಕೊಂಡ ಸುದ್ದಿ ಬಂತು. ಮರುವರ್ಷದ ಹಬ್ಬಕ್ಕೆ ಅವ್ವ ಬಾಗಿಲ ಹಿಂದೆ ನಾಲ್ಕು ಎಲೆ ಹಾಕಿದಳು.

"ಹೆಸ್ರಿಡ್ದು ಕರಿಯೇ, ಬರ್ಲಿ" ಎಂದಳು. "ನೀನೇ ಕರೀಬೇಕು. ಕಳ್ಸಿದ್ದೂ ನೀನೇ."

ಸರ್ವಮಂಗಳ ಕೆಂಪಿ ಎಂದಳು, ಗುಂಡ ಎಂದಳು, ನಿಂಗಿ ಎಂದಳು. ನಾಲ್ಕನೆಯದಕ್ಕೆ ಬಾಯಿ ತೆರೆದಾಗ ಯಾರೋ ಗಲ್ಲ ಹಿಡಿದಂತಾಯಿತು. ಹೆಸರು ಹೊರಡಲೇ ಇಲ್ಲ.