‘ಹೋಗ್ಲಿ’ ಅಂದವರು ಯಾರು?

ನನ್ನನ್ನು ಎಲ್ಲರೂ ಡೈಲಾಗ್ ಅಂತಲೇ ಕರೆಯುತ್ತಾರೆ. ಹೀರೋ, ವಿಲನ್, ವಿಲನ್ನಿನ ಅಮ್ಮ, ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಾಡಿಗೆಗಿದೆ. ಒಂದು ದನಿ ಮಾತ್ರ ಯಾರೆದುರೂ ತೆಗೆದಿರಲಿಲ್ಲ. ಚಿಕ್ಕಪ್ಪನದು. ಅನ್ನ ಹಾಕಿದವರನ್ನು ಅಣಕಿಸಬಾರದು ಎಂಬಷ್ಟು ಬುದ್ಧಿ ಕೋತಿಗೂ ಇರುತ್ತದಲ್ಲ.

ನಮ್ಮ ಗುಡ್ಡದ ಕಾಡು ಒಬ್ಬರದಲ್ಲ, ಸಂಘದ್ದು. ವರ್ಷಕ್ಕೊಂದು ಪಾಲಿನ ಮರ ಕಡಿಯುತ್ತೇವೆ, ಉಳಿದ ಪಾಲುಗಳಿಗೆ ರಜೆ. ಸಸಿ ತಂದು ನೆಡುವ ಪದ್ಧತಿ ಇಲ್ಲ. ಪ್ರತಿ ಪಾಲಿನಲ್ಲೂ ಒಂದು ತಾಯಿಮರ ಬಿಡುತ್ತೇವೆ. ಅದು ಬೀಜ ಉದುರಿಸುತ್ತದೆ, ಗಾಳಿ ಹಂಚುತ್ತದೆ, ಗುಡ್ಡ ತಾನೇ ತುಂಬಿಕೊಳ್ಳುತ್ತದೆ. ತಾಯಿಮರ ಹೋದರೆ ಆ ಪಾಲಿನಲ್ಲಿ ಮುಳ್ಳು ಏಳುತ್ತದೆ, ಮಣ್ಣು ಜಾರುತ್ತದೆ, ಅಷ್ಟೇ ಕಥೆ.

ಯಾವ ಮರ ಉಳಿಯಬೇಕು, ಯಾವುದು ಹೋಗಬೇಕು ಎಂದು ಹೇಳುವವರು ಚಿಕ್ಕಪ್ಪ. ಬಣ್ಣ ಬಳಿಯುವುದಿಲ್ಲ, ಗುರುತು ಕೊಚ್ಚುವುದಿಲ್ಲ. ಮುಂದೆ ಮುಂದೆ ಹೋಗಿ ಮರಕ್ಕೆ ಅಂಗೈ ಇಟ್ಟು, ಮೇಲಿನಿಂದ “ಇರ್ಲಿ” ಅಥವಾ “ಹೋಗ್ಲಿ” ಎಂದು ಕೂಗುತ್ತಾರೆ. ಕೆಳಗಿನಿಂದ, ಮರ ಕಡಿಯುವ ಮಷಿನ್ ಅಣ್ಣ ಪ್ರತಿ ಮರದ ಬುಡದಲ್ಲೂ “ಇದು?” ಎಂದು ಮತ್ತೊಮ್ಮೆ ಕೇಳುತ್ತಾನೆ. ಉತ್ತರ ಬಂದ ಮೇಲೆಯೇ ಗರಗಸದ ಮಷಿನ್ನಿನ ಹಗ್ಗ ಎಳೆಯುವುದು. ಬಂದ ಉತ್ತರಕ್ಕೆ ಎದುರು ಮಾತಿಲ್ಲ. ಅವರಿಬ್ಬರೂ ಹರೆಯದಿಂದ ಕೆಲಸ ಮಾಡಿದ್ದು ಹಾಗೆಯೇ.

ಆ ದಿನ ನಾನು ಮಷಿನ್ ಅಣ್ಣನ ಹಿಂದೆ ಪೊದೆ ಸವರುತ್ತಿದ್ದೆ. ಚಿಕ್ಕಪ್ಪ ಮೇಲಿನ ಬಂಡೆಗಳ ಆಚೆಗೆ ಹೋಗಿದ್ದರು. ಅವರ ಕೂಗು ಗಾಳಿಯಲ್ಲಿ ತುಂಡು ತುಂಡಾಗಿ ಬರುತ್ತಿತ್ತು. ಮಷಿನ್ ಅಣ್ಣ ತಾಯಿಮರದ ಬುಡಕ್ಕೆ ಬಂದ. ಅದು ತಾಯಿಮರ ಎಂದು ಅವನಿಗೂ ಗೊತ್ತು, ಆದರೂ ಕೇಳುವುದು ಪದ್ಧತಿ.

“ಇದು?”

ನನ್ನ ನಾಲಿಗೆ ತುರಿಸಿತು. ಪೊದೆಯೊಳಗೆ ಕೂತು, ಮೇಲಿನ ಬಂಡೆಗೆ ಬಡಿದು ಬರುವಂತೆ ಚಿಕ್ಕಪ್ಪನ ಗೊಗ್ಗರು ದನಿಯಲ್ಲಿ ಬಿಟ್ಟೆ: “ಹೋಗ್ಲಿ!”

ಮಷಿನ್ ಅಣ್ಣ ಬೆಚ್ಚಿ ಬೀಳುತ್ತಾನೆ, “ಏನ್ರೀ, ತಲೆ ಕೆಟ್ಟಿದ್ಯಾ?” ಎಂದು ಮೇಲಕ್ಕೆ ಕೂಗುತ್ತಾನೆ, ನಾನು ಎದ್ದು ನಿಂತು ಸಲಾಂ ಹೊಡೆಯುತ್ತೇನೆ. ನನ್ನ ಸ್ಕ್ರಿಪ್ಟ್ ಅಷ್ಟೇ ಇತ್ತು. ಅವನು ಮರವನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕಿವಿಮುಚ್ಚುಗೆ ಏರಿಸಿ ಹಗ್ಗ ಎಳೆದ.

“ಅಣ್ಣಾ, ತಮಾಷೆ ಕಣೋ! ನಾನು ಕಣೋ!”

ಮಷಿನ್ ನನ್ನ ಮಾತನ್ನು ನುಂಗಿ ಹಾಕಿತು. ಬೀಳುವ ಮರದ ಹತ್ತಿರ ಯಾರೂ ಹೋಗಬಾರದೆಂಬ ನಿಯಮವಿದೆ. ಜನ್ಮದಲ್ಲಿ ಒಂದೂ ನಿಯಮ ಪಾಲಿಸದ ನಾನು ಅವತ್ತು ಅದನ್ನು ಪಾಲಿಸಿದೆ. ಮರ ವಾಲುವ ಮೊದಲು ಓಡಿಹೋಗಿ ಅವನ ಬೆನ್ನು ತಟ್ಟುವಷ್ಟು ಹೊತ್ತಿತ್ತು. ಇತ್ತು.

ಸದ್ದಿಗೆ ಚಿಕ್ಕಪ್ಪ ಇಳಿದು ಬಂದರು. ಬುಡದ ಹಸಿ ಕೊರಡನ್ನು ನೋಡುತ್ತಾ ನಿಂತರು.

“ಯಾಕೋ?”

“ನೀವೇ ಅಂದ್ರಲ್ಲ, ಹೋಗ್ಲಿ ಅಂತ. ನಂಗೂ ಕೈ ಬರ್ಲಿಲ್ಲ. ಏನೋ ಹುಳ ಗಿಳ ಕಂಡಿರ್ಬೇಕು ನಿಮ್ಗೆ ಅನ್ಕೊಂಡೆ.”

“ನಾನಾ?”

“ಇನ್ಯಾರು ಅಂತಾರೆ?”

ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ನೀನೂ ಕೇಳಿಸ್ಕೊಂಡ್ಯಾ?”

“ಕೇಳಿಸ್ತು,” ಅಂದೆ. ಸುಳ್ಳಲ್ಲ. ಅದಕ್ಕಿಂತ ಹೊಲಸು.

“ಹಂಗಾದ್ರೆ ಅಂದಿರ್ಬೇಕು,” ಎಂದರು ಚಿಕ್ಕಪ್ಪ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ದಾರಿಯುದ್ದಕ್ಕೂ ನಾನು ಗಂಟಲು ಮುಟ್ಟಿಕೊಂಡೆ.

ಮನೆಯಲ್ಲಿ ಶುರುವಾಯಿತು ನೋಡಿ ಪರೀಕ್ಷೆ. ಚಿಕ್ಕಪ್ಪ ಊಟದ ನಡುವೆ ಚಿಕ್ಕಮ್ಮನನ್ನು ಕೇಳುವರು: “ನಿನ್ನೆ ಏನ್ ಮಾಡಿದ್ದೆ ಪಲ್ಯ? ತಡಿ, ಹೇಳ್ಬೇಡ, ನಾನೇ ಹೇಳ್ತೀನಿ.” ಹೇಳಿದ್ದು ಸರಿಯಾದರೂ ನಂಬಿಕೆಯಿಲ್ಲ. “ನನ್ನ ಸಮಾಧಾನಕ್ಕೆ ಹೂಂ ಅಂತಿದ್ದೀಯಾ?” ಒಮ್ಮೆ ಮೆಟ್ಟಿಲ ಮೇಲೆ ಕೂತು ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. “ಕೈ ಇಟ್ಟಿದ್ದು ನೆನಪಿಲ್ಲ. ಅಂದಿದ್ದೂ ನೆನಪಿಲ್ಲ. ಭಾನುವಾರ ಸಂಘದಲ್ಲಿ ಹೇಳ್ಬಿಡ್ತೀನಿ, ಬೇರೆಯವರನ್ನ ನೋಡ್ಕೊಳ್ಳಿ ಅಂತ. ಇವತ್ತು ಒಂದು ಮರ. ನಾಳೆ ಇಡೀ ಕಾಡು ಕಡಿಸಿಬಿಟ್ರೆ?”

ತಡೆಯಲಾಗಲಿಲ್ಲ. “ಚಿಕ್ಕಪ್ಪ, ನೀವಲ್ಲ ಅಂದಿದ್ದು. ನಾನು. ನಿಮ್ ದನಿ ತೆಗ್ದೆ.”

ಅವರು ನಕ್ಕು ನನ್ನ ತಲೆ ಸವರಿದರು. “ನನ್ ಮರ್ಯಾದೆ ಉಳ್ಸೋಕೆ ತಪ್ಪು ಹೊತ್ಕೊಳ್ತಿದ್ದೀಯಾ? ಎಲ್ಲಿ, ತೆಗಿ ನೋಡೋಣ.”

ಬಾಯಿ ತೆರೆದೆ. ಆ ಕಣ್ಣುಗಳ ಎದುರು ಅವರ ದನಿ ಬರಲಿಲ್ಲ. ಬಂದದ್ದು ಯಾವುದೋ ನೆಗಡಿಯಾದ ವಿಲನ್.

“ಬಿಡೋ, ಸಾಕು. ನೀನು ಬಾಯಿಬಡುಕ ಆದ್ರೂ ಒಳ್ಳೇವ್ನು ಕಣೋ,” ಎಂದರು.

ಬೈಗುಳ ತಿಂದು ಬೆಳೆದ ದೇಹ ನನ್ನದು. ‘ಒಳ್ಳೇವ್ನು’ ಮಾತ್ರ ಜೀರ್ಣವಾಗಲಿಲ್ಲ.

ಭಾನುವಾರ ಹಲಗೆ ಪೇರಿಸಿದ ಶೆಡ್ಡಿನಲ್ಲಿ ಸಭೆ. ಸಂಘದ ಅಧ್ಯಕ್ಷೆ ಮುಂದೆ ಕೂತಿದ್ದರು. ಚಿಕ್ಕಪ್ಪ ಎದ್ದು ನಿಂತು, “ನನ್ ತಲೆ ಮೊದಲಿನ ಹಾಗಿಲ್ಲ,” ಎಂದು ಶುರು ಮಾಡಿದರು. ಮಷಿನ್ ಅಣ್ಣ ತಲೆ ತಗ್ಗಿಸಿಕೊಂಡು ಟೋಪಿ ಹಿಂಡುತ್ತಿದ್ದ. ನಾನು ಮೆಲ್ಲಗೆ ಹಲಗೆಗಳ ಹಿಂದೆ ಸರಿದೆ. ಯಾರ ಮುಖವೂ ಕಾಣದ ಕಡೆ ನಿಂತು ಕಣ್ಣು ಮುಚ್ಚಿದೆ.

“ಹೋಗ್ಲಿ!”

ಎಲ್ಲರೂ ಚಿಕ್ಕಪ್ಪನ ಬಾಯಿ ನೋಡಿದರು. ಅದು ಮುಚ್ಚಿತ್ತು.

ನಾನು ಈಚೆ ಬಂದೆ. ಚಿಕ್ಕಪ್ಪ ಕಂಬ ಹಿಡಿದುಕೊಂಡಿದ್ದರು. “ಇನ್ನೊಂದ್ಸಲ ಅನ್ನು.”

ಅಂದೆ.

“ಇನ್ನೊಂದ್ಸಲ.”

ಅಂದೆ. ಚಿಕ್ಕಪ್ಪ ಜೋರಾಗಿ ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು. “ನನ್ ತಲೆ ನೆಟ್ಟಗಿದೆ! ಕೇಳಿದ್ಯೇನೇ, ನೆಟ್ಟಗಿದೆ ಕಣೇ!” ಎಂದು ಹಿಂದಿನ ಸಾಲಿನಲ್ಲಿದ್ದ ಚಿಕ್ಕಮ್ಮನಿಗೆ ಕೂಗಿದರು. ಚಿಕ್ಕಮ್ಮ ನಗಲಿಲ್ಲ. “ತಾನೂ ಕೆಟ್ಟ ಕೋತಿ, ವನಾನೂ ಕೆಡಿಸ್ತು,” ಎಂದು ಮುಖ ತಿರುಗಿಸಿದರು.

ಚಿಕ್ಕಪ್ಪನ ನಗು ನಿಧಾನಕ್ಕೆ ಇಳಿಯಿತು. “ಮಷಿನ್ ಶುರುವಾದಾಗ ನೀನೆಲ್ಲಿದ್ದೆ?”

“ಅಲ್ಲೇ.”

“ನಾನು ಪಲ್ಯ ಯಾವ್ದು ಅಂತ ಕೇಳ್ತಿದ್ದಾಗ?”

“ಪಕ್ಕದಲ್ಲೇ ಕೂತು ಉಣ್ತಿದ್ದೆ.”

ಅವರು ಕಂಬ ಬಿಟ್ಟು ಹೋಗಿ ಕೂತರು. ಅಧ್ಯಕ್ಷೆ ಆ ಪಾಲನ್ನು ಮುಚ್ಚಿಸಿದರು. ಪಕ್ಕದ ಪಾಲಿನ ತಾಯಿಮರದ ಬೀಜ ಹೆಕ್ಕಿ ತಂದು ಮೊಳೆಸಿ ನೆಡಬೇಕು, ಗುಡ್ಡ ತುಂಬುವವರೆಗೆ ಅಲ್ಲಿ ಕತ್ತಿ ಆಡುವಂತಿಲ್ಲ. ಹೆಕ್ಕುವುದು, ನೆಡುವುದು, ನೀರು ಹೊರುವುದು ಎಲ್ಲ ನನ್ನ ಪಾಲಿಗೆ. ಅದು ನನಗೆ ಕಷ್ಟವೆನಿಸಲಿಲ್ಲ.

ಚಿಕ್ಕಪ್ಪ ಕೆಲಸ ಬಿಡಲಿಲ್ಲ. ಈಗಲೂ ಮುಂದೆ ಹೋಗಿ ಅಂಗೈ ಇಟ್ಟು ಕೂಗುತ್ತಾರೆ. ಕೆಳಗಿನಿಂದ ಮಷಿನ್ ಅಣ್ಣ “ಇದು?” ಎನ್ನುತ್ತಾನೆ. ಮೇಲಿನಿಂದ “ಹೋಗ್ಲಿ” ಬರುತ್ತದೆ. ಮಷಿನ್ ಅಣ್ಣ ಹಗ್ಗ ಎಳೆಯುವುದಿಲ್ಲ. ಮಷಿನ್ ಕೆಳಗಿಟ್ಟು, ನೋಯುವ ಮಂಡಿ ಹಿಡಿದುಕೊಂಡು ಗುಡ್ಡ ಹತ್ತಿ, ಚಿಕ್ಕಪ್ಪನ ಮುಖ ಕಂಡು, ಅವರು ಹೂಂ ಎಂದ ಮೇಲೆ ಇಳಿದು ಬರುತ್ತಾನೆ. ಪ್ರತಿ ಮರಕ್ಕೂ. ಕೆಲಸ ಅರ್ಧಕ್ಕರ್ಧ ನಿಧಾನವಾಗಿದೆ. ಯಾರೂ ನನಗೆ ಒಂದು ಮಾತೂ ಅನ್ನುವುದಿಲ್ಲ.

“ಏನೋ ಡೈಲಾಗ್, ಸುಮ್ನಾಗ್ಬಿಟ್ಟೆ?” ಎಂದ ನಿನ್ನೆ ಮಷಿನ್ ಅಣ್ಣ, ಏದುಸಿರು ಬಿಡುತ್ತಾ.

“ಏನಿಲ್ಲಣ್ಣ. ಎಡಗಡೆ ಮುಳ್ಳಿದೆ, ನೋಡ್ಕೊಂಡು ಬಾ,” ಎಂದು ಅವನ ದಾರಿಯ ಪೊದೆ ಸವರುತ್ತಾ ಮುಂದೆ ನಡೆದೆ.